ಕಾರಿನ ಮುಗ್ಗಲು ವಾಸನೆ: ಕಾರ್ಪೆಟ್ ಎತ್ತದೆ ಹೋಗುವುದಿಲ್ಲ

ಕಾರಿನ ಬಾಗಿಲು ತೆಗೆದ ಕೂಡಲೇ ಮುಗ್ಗಿದ ಅಕ್ಕಿ ಚೀಲದ ಬಾಯಿ ಬಿಚ್ಚಿದ ಹಾಗೆ ವಾಸನೆ ಬರುತ್ತಿದೆಯಾ? ಹಾಗಿದ್ದರೆ ಮೊದಲು ಡ್ಯಾಶ್‌ಬೋರ್ಡ್ ಮೇಲಿರುವ ಸೆಂಟ್ ಬಾಟಲಿ ತೆಗೆದು ಮನೆಯೊಳಗೆ ಇಟ್ಟುಬಿಡಿ. ಅದು ಅಲ್ಲಿರುವ ತನಕ ವಾಸನೆ ಯಾವ ಮೂಲೆಯಿಂದ ಬರುತ್ತಿದೆ ಅಂತ ಗೊತ್ತಾಗುವುದೇ ಇಲ್ಲ. ನಾನು ಹೀಗೇ ಎರಡು ತಿಂಗಳು ಹಾಳು ಮಾಡಿದೆ. ನಿಂಬೆ ಆಯಿತು, ಗಂಧ ಆಯಿತು, ಮಲ್ಲಿಗೆ ಆಯಿತು. ಕೊನೆಗೆ ಮಗಳು, "ಅಪ್ಪಾ, ಒದ್ದೆ ನಾಯಿಗೆ ಮಲ್ಲಿಗೆ ಮುಡಿಸಿ ಹಿಂದಿನ ಸೀಟಲ್ಲಿ ಕೂರಿಸಿದೀಯಾ?" ಅಂತ ಕೇಳಿದಳು.

ನಮ್ಮದು ತುಮಕೂರು. ಮನೆಗೆ ಶೆಡ್ ಇಲ್ಲ, ಬೀದಿ ಬದಿಯ ಹೊಂಗೆ ಮರದ ಕೆಳಗೇ ಕಾರು ನಿಲ್ಲುತ್ತದೆ. ಈ ಕಡೆ ಜೋರು ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಆ ಸಲ ನಾಲ್ಕು ದಿನ ಬಿಡದೆ ಹೊಯ್ಯಿತು. ಐದನೇ ದಿನ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನೋಣ ಅಂತ ಹೊರಟರೆ, ಮುಂದಿನ ಸೀಟಿಗೆ ಹತ್ತಿದ ಹೆಂಡತಿ ಕಾಲಿಟ್ಟ ಕಡೆ ಪಚಕ್ ಅಂತು. ಗಾಜು ಸರಿಯಾಗಿ ಏರಿಸಿರಲಿಲ್ಲವೇನೋ ಅಂದುಕೊಂಡು ಮ್ಯಾಟ್ ಕೊಡವಿ, ಬಿಸಿಲಿಗೆ ಹಾಕಿ ಸುಮ್ಮನಾದೆ. ವಾರದೊಳಗೆ ವಾಸನೆ ಶುರುವಾಯಿತು. ತೊಳೆಸಿದರೆ ಹೋಗುತ್ತೆ ಅಂತ ವಾಟರ್ ಸರ್ವೀಸ್‌ಗೆ ಬಿಟ್ಟೆ. ಅವರು ಶಾಂಪೂ ನೊರೆ ಹಾಕಿ ಗಸಗಸ ಉಜ್ಜಿ, ಮೇಲೆ ಸೆಂಟ್ ಹೊಡೆದು, ಚೆನ್ನಾಗಿಯೇ ದುಡ್ಡು ತಗೊಂಡು ಕೊಟ್ಟರು. ಅಂದರೆ ಮೊದಲೇ ಒದ್ದೆಯಾಗಿದ್ದ ಕಾರ್ಪೆಟ್‌ಗೆ ನಾನೇ ದುಡ್ಡು ಕೊಟ್ಟು ಇನ್ನಷ್ಟು ನೀರು ಕುಡಿಸಿಕೊಂಡು ಬಂದೆ.

ದಾರಿ ತೋರಿಸಿದ್ದು ತಿಪಟೂರು ಕಡೆಯ ನನ್ನ ಸೋದರಮಾವ. ಅವರಿಗೆ ಕಾರು ಓಡಿಸುವುದಕ್ಕೆ ಬರುವುದಿಲ್ಲ, ಆದರೆ ಕೊಬ್ಬರಿ ಒಣಗಿಸುವುದು ಗೊತ್ತು. ಉಂಡೆ ಕೊಬ್ಬರಿಗೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಆ ಅಟ್ಟಕ್ಕೆ ಹಲಗೆ ಒತ್ತಾಗಿ ಹೊಡೆದಿರುವುದಿಲ್ಲ. ಕೆಳಗಿಂದ ಗಾಳಿ ಆಡಲಿ ಅಂತ ಸಂದು ಬಿಟ್ಟಿರುತ್ತಾರೆ. ನಾಲ್ಕೂ ಬಾಗಿಲು ತೆಗೆದು ಬಿಸಿಲಿಗೆ ನಿಲ್ಲಿಸಿದ್ದ ನನ್ನ ಕಾರು ನೋಡಿ ಮಾವ, "ಮೇಲಿಂದ ಒಣಗಿಸ್ತಾ ಇದೀಯಲ್ಲೋ, ಕೆಳಗಡೆ ಗಾಳಿ ಎಲ್ಲೈತೆ?" ಅಂದರು.

ಮಾವ ಹೇಳಿದ್ದು ಯಾಕೆ ಸರಿ ಅಂತ ಕಾರ್ಪೆಟ್ ಎತ್ತಿದ ಮೇಲೆ ಗೊತ್ತಾಯಿತು. ನಮ್ಮ ಕಣ್ಣಿಗೆ ಕಾಣುವ ಕಾರ್ಪೆಟ್ ತೆಳ್ಳಗೆ ಇರುತ್ತದೆ, ಅರ್ಧ ದಿನದ ಬಿಸಿಲಿಗೆ ಒಣಗುತ್ತದೆ. ಅದರ ಕೆಳಗೆ ಹಾಸಿಗೆ ಥರ ದಪ್ಪನೆಯ ಫೋಮ್ ಇರುತ್ತದೆ, ಇಲ್ಲವೇ ಬಟ್ಟೆ ಚೂರುಗಳನ್ನು ಒತ್ತಿ ಮಾಡಿದಂಥ ಫೆಲ್ಟ್. ರಸ್ತೆಯ ಸದ್ದು ಒಳಗೆ ಬಾರದಿರಲಿ ಅಂತ ಇಟ್ಟಿದ್ದು ಅದು. ಅದರ ಕೆಳಗೆ ನೇರ ತಗಡು. ನೀರು ಬಂದರೆ ಈ ಫೋಮ್ ಸ್ಪಂಜಿನ ಹಾಗೆ ಕುಡಿದುಕೊಂಡು ಕೂರುತ್ತದೆ. ಮೇಲೆ ಕಾರ್ಪೆಟ್, ಕೆಳಗೆ ತಗಡು, ನಡುವೆ ಗಾಳಿಗೆ ದಾರಿಯೇ ಇಲ್ಲ. ಒದ್ದೆ ಹೀಗೇ ಉಳಿದರೆ ಒಂದೆರಡು ದಿನದಲ್ಲೇ ಬೂಷ್ಟು ಶುರುವಾಗುತ್ತದೆ. ಮೂಗಿಗೆ ಬರುವುದು ಆ ಬೂಷ್ಟಿನ ವಾಸನೆ. ಕಾರ್ಪೆಟ್ ಮುಟ್ಟಿ ನೋಡಿ 'ಒಣಗಿದೆ' ಅಂದುಕೊಂಡರೆ ಮೋಸ ಹೋಗುತ್ತೀರಿ. ಹೆಬ್ಬೆರಳಿನಿಂದ ಗಟ್ಟಿಯಾಗಿ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ತಣ್ಣಗೆ ಅನ್ನಿಸಿತು ಅಂದರೆ ಕೆಳಗೆ ನೀರಿದೆ.

ಕೈ ಹಾಕುವ ಮೊದಲು ಅದು ಯಾವ ನೀರು ಅಂತ ನೋಡಿಕೊಳ್ಳಿ. ಮಳೆ ನೀರು, ಎಸಿಯಿಂದ ಸೋರಿದ ನೀರು ಆದರೆ ಚಿಂತೆ ಇಲ್ಲ, ಒಣಗಿಸಿದರೆ ಸಾಕು. ಅಂಟಂಟಾಗಿದ್ದು, ಸ್ವಲ್ಪ ಸಿಹಿ ವಾಸನೆ ಬಂದು, ಮುಂದಿನ ಗಾಜಿನ ಒಳಬದಿ ಜಿಡ್ಡು ಮಂಜು ಕಟ್ಟುತ್ತಿದ್ದರೆ ಅದು ಮಳೆ ನೀರಲ್ಲ. ಹೀಟರ್ ಕಡೆಯಿಂದ ಕೂಲೆಂಟ್ ಸೋರುತ್ತಿದೆ, ಮೆಕ್ಯಾನಿಕ್ ಹತ್ತಿರ ಹೋಗಿ. ಚರಂಡಿ ಉಕ್ಕಿ ಒಳಗೆ ನುಗ್ಗಿದ ನೀರಾದರೆ ಫೋಮ್ ಉಳಿಸಿಕೊಳ್ಳುವ ಆಸೆ ಬಿಡಿ, ಕಿತ್ತು ಬಿಸಾಡಿ ಹೊಸದು ಹಾಕಿಸಿ. ಅಂಥ ನೀರು ಸೀಟಿನ ಮಟ್ಟದವರೆಗೆ ಬಂದಿದ್ದರೆ ಕೀ ತಿರುಗಿಸಲೇಬೇಡಿ, ಟೋ ಮಾಡಿಸಿ. ಹಾಲು ಚೆಲ್ಲಿದ್ದರೆ ಅದು ಬೇರೆಯೇ ಕಥೆ. ಡೈರಿಗೆ ಕಾರಲ್ಲಿ ಕ್ಯಾನ್ ಒಯ್ಯುವವರಿಗೆ ನಾನು ಹೇಳಬೇಕಾಗಿಲ್ಲ. ಹಾಲು ಫೋಮ್‌ಗೆ ಇಳಿದರೆ ಒಣಗಿಸಿದರೂ ವಾಸನೆ ಹೋಗುವುದಿಲ್ಲ. ಆ ಭಾಗವನ್ನು ಬಿಚ್ಚಿ ಹೊರಗೆ ತೆಗೆದು, ತಣ್ಣೀರಲ್ಲಿ ತೊಳೆದು, ಎನ್‌ಜೈಮ್ ಇರುವ ಕ್ಲೀನರ್ ಹಾಕಬೇಕು.

ಈಗ ಕೆಲಸಕ್ಕೆ ಬನ್ನಿ. ಮೊದಲು ನೀರನ್ನು ಎಳೆದು ತೆಗೆಯಬೇಕು, ಒಣಗಿಸುವುದು ಆಮೇಲೆ. ತುಂಬಾ ಜನ ಇದನ್ನು ಬಿಟ್ಟು ನೇರ ಫ್ಯಾನ್ ಹಾಕಿ ಕೂರುತ್ತಾರೆ, ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ನೀರನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಸಿಕ್ಕರೆ ಒಳ್ಳೆಯದು. ವಾಟರ್ ಸರ್ವೀಸ್ ಅಂಗಡಿಗಳಲ್ಲಿ ಇರುತ್ತದೆ, ಶಾಂಪೂ ಬೇಡ, ಬರೀ ನೀರು ಎಳೆದುಕೊಡಿ ಅಂತ ಕೇಳಿ. ಮನೆ ಕಸ ಎಳೆಯುವ ಸಾಮಾನ್ಯ ವ್ಯಾಕ್ಯೂಮ್ ಮಾತ್ರ ಬಳಸಬೇಡಿ, ಮೋಟರ್ ಸುಟ್ಟುಹೋಗುವುದಲ್ಲದೆ ಶಾಕ್ ಹೊಡೆಯುವ ಭಯವೂ ಇದೆ. ಏನೂ ಇಲ್ಲದಿದ್ದರೆ ಹಳೇ ಟವೆಲ್ ಸಾಕು. ಟವೆಲ್ ಮಡಿಸಿ ಹಾಸಿ, ಅದರ ಮೇಲೆ ಹಿಮ್ಮಡಿ ಊರಿ ನಿಂತುಕೊಳ್ಳಿ, ಹಿಂಡಿ, ಮತ್ತೆ ಹಾಸಿ. ನನಗೆ ಮುಂದಿನ ಎಡಗಡೆ ಒಂದರಲ್ಲೇ ಸುಮಾರು ಅರ್ಧ ಬಕೆಟ್ ನೀರು ಬಂತು. ನೋಡಿದರೆ ನೀವೂ ನಂಬುತ್ತಿರಲಿಲ್ಲ.

ಆಮೇಲೆ ಕಾರ್ಪೆಟ್ ಎತ್ತುವುದು. ಹೆದರಬೇಡಿ, ಬರೀ ಒಂದು ಮೂಲೆ ಎತ್ತುವುದಕ್ಕೆ ಸೀಟು ಬಿಚ್ಚಬೇಕಾಗಿಲ್ಲ. ಬಾಗಿಲ ಹೊಸ್ತಿಲ ಹತ್ತಿರ ಒಂದು ಉದ್ದನೆ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ ಅಲ್ವಾ, ಅದು ಸಾಮಾನ್ಯವಾಗಿ ಕ್ಲಿಪ್ ಮೇಲೆ ಕೂತಿರುತ್ತದೆ. ಒಂದು ತುದಿಯಿಂದ ಕೈಯಲ್ಲೇ ಮೇಲಕ್ಕೆ ಎಳೆದರೆ ಟಕ್ ಟಕ್ ಅಂತ ಬಿಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪಟ್ಟಿ ಬಿಳುಚಿಕೊಂಡು ಮುರಿಯುತ್ತದೆ, ನನ್ನದು ಹಾಗೇ ಮುರಿಯಿತು. ಬಾಗಿಲ ಚೌಕಟ್ಟಿನ ರಬ್ಬರ್ ಪಟ್ಟಿಯನ್ನೂ ಕೆಳಭಾಗದಲ್ಲಿ ಸ್ವಲ್ಪ ಬಿಡಿಸಿ. ಈಗ ಕಾರ್ಪೆಟ್ ಅಂಚು ಕೈಗೆ ಸಿಗುತ್ತದೆ. ಎತ್ತಿ, ಕೆಳಗೆ ಏನಾದರೂ ಕೊಟ್ಟು ನಿಲ್ಲಿಸಿ. ನಾನು ಇಟ್ಟಿದ್ದು ತೆಂಗಿನ ಚಿಪ್ಪು, ಬೋರಲು ಹಾಕಿದರೆ ಅಲುಗಾಡದೆ ಕೂರುತ್ತದೆ. ಇಟ್ಟಿಗೆ ಇಡಬೇಡಿ, ಅದೇ ನೀರು ಕುಡಿದುಕೊಂಡು ಕೂರುತ್ತದೆ.

ನೀರು ಸೀಟಿನ ಕೆಳಗೂ ಹೋಗಿದ್ದರೆ ಸೀಟು ಬಿಚ್ಚುವುದು ವಾಸಿ. ಸಾಮಾನ್ಯವಾಗಿ ನಾಲ್ಕು ಬೋಲ್ಟ್ ಇರುತ್ತವೆ, ಮುಂದೆ ಎರಡು, ಹಿಂದೆ ಎರಡು. ಇಲ್ಲಿ ಮಾತ್ರ ಹುಷಾರು. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ಗೆ ಸಂಬಂಧಪಟ್ಟ ವೈರು. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು, ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಮುಟ್ಟಿ. ಸೀಟು ಹೊರಗಿರುವಾಗ ಕೀ ಆನ್ ಮಾಡಬೇಡಿ, ಏರ್‌ಬ್ಯಾಗ್ ಲೈಟ್ ಹತ್ತಿಕೊಂಡರೆ ಆರಿಸುವುದಕ್ಕೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಬೇಕಾಗುತ್ತದೆ. ಧೈರ್ಯ ಇಲ್ಲದಿದ್ದರೆ ಈ ಒಂದು ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ಬಿಸಿಲಿಗೆ ನಿಲ್ಲಿಸಿ ಗಾಜು ಪೂರ್ತಿ ಏರಿಸಿಬಿಟ್ಟರೆ ಇಡ್ಲಿ ಪಾತ್ರೆ ಮುಚ್ಚಿ ಒಲೆ ಮೇಲಿಟ್ಟ ಹಾಗೆ. ನೀರು ಆವಿಯಾಗುತ್ತದೆ, ನಿಜ, ಆದರೆ ಹೊರಗೆ ಹೋಗುವುದಕ್ಕೆ ದಾರಿ ಇಲ್ಲದೆ ರಾತ್ರಿ ತಣ್ಣಗಾದಾಗ ಗಾಜಿನ ಮೇಲೆ ಕೂತು ಮತ್ತೆ ಕೆಳಗೇ ಇಳಿಯುತ್ತದೆ. ಹಾಗಾಗಿ ಬೆಳಗ್ಗೆ ಹತ್ತು ಗಂಟೆಯಿಂದ ಸಂಜೆ ನಾಲ್ಕರವರೆಗೆ ಬಾಗಿಲುಗಳನ್ನು ತೆಗೆದಿಡಿ. ಒಳಗಿನ ಲೈಟ್ ಸ್ವಿಚ್ ಆಫ್ ಮಾಡಿ, ಇಲ್ಲದಿದ್ದರೆ ಕಾರ್ಪೆಟ್ ಒಣಗುವ ಮೊದಲು ಬ್ಯಾಟರಿ ಒಣಗುತ್ತದೆ. ಒಂದು ಟೇಬಲ್ ಫ್ಯಾನ್ ತಂದು ಎತ್ತಿದ ಕಾರ್ಪೆಟ್‌ನ ಬಾಯಿಗೆ ಹಿಡಿಯಿರಿ, ಮೇಲಕ್ಕಲ್ಲ, ಫೋಮ್ ಮತ್ತು ತಗಡಿನ ನಡುವಿನ ಸಂದಿಗೆ. ಎದುರು ಬಾಗಿಲು ತೆಗೆದಿದ್ದರೆ ಗಾಳಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಗೆ ಹೋಗುತ್ತದೆ. ಸಂಜೆ ಇಬ್ಬನಿ ಇಳಿಯುವ ಮೊದಲು ಬಾಗಿಲು ಹಾಕಿ. ನವೆಂಬರ್, ಡಿಸೆಂಬರ್‌ನಲ್ಲಿ ದೇವರಾಯನದುರ್ಗದ ಕಡೆ ಬೆಳಗಿನ ಮಂಜು ನೋಡಿದವರಿಗೆ ಗೊತ್ತು, ಆ ಗಾಳಿಯಲ್ಲಿ ಏನೂ ಒಣಗುವುದಿಲ್ಲ, ಒಣಗಿದ್ದೂ ತೇವ ಎಳೆದುಕೊಳ್ಳುತ್ತದೆ. ಹೇರ್ ಡ್ರೈಯರ್ ಬೇಡ. ಫೋಮ್ ಒಂದು ಕಡೆ ಸುಟ್ಟುಕೊಳ್ಳುತ್ತದೆ, ಇನ್ನೊಂದು ಕಡೆ ಹಾಗೇ ಒದ್ದೆ.

ಮಳೆ ಬಿಟ್ಟೇ ಇಲ್ಲ, ಬಿಸಿಲೇ ಇಲ್ಲ ಅಂದರೆ? ಕಾರಿನ ಎಸಿಯನ್ನೇ ಬಳಸಿ. ಎಸಿ ಆನ್ ಮಾಡಿ, ತಾಪಮಾನದ ಗುಂಡಿಯನ್ನು ಬಿಸಿ ಕಡೆಗೆ ತಿರುಗಿಸಿ, ಗಾಳಿಯನ್ನು ಕಾಲಿನ ಕಡೆಗೆ ಬಿಟ್ಟು ಅರ್ಧ ಗಂಟೆ ಓಡಿಸಿಕೊಂಡು ಬನ್ನಿ. ಎಸಿ ಗಾಳಿಯಲ್ಲಿರುವ ತೇವ ಎಳೆದು ಹೊರಗೆ ಹಾಕುತ್ತದೆ, ಹೀಟರ್ ಆ ಗಾಳಿಯನ್ನು ಬಿಸಿ ಮಾಡುತ್ತದೆ. ಸಿರಾ ಕಡೆಯ ಹೈವೇಯಲ್ಲಿ ಹೋಗಿಬರುವ ಕೆಲಸ ಇದ್ದರೆ ಅದೇ ದಿನ ಮುಗಿಸಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಆನ್ ಮಾಡಿಟ್ಟು ಕೂರಬೇಡಿ, ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಪ್ರಾಣ ತೆಗೆಯುತ್ತದೆ. ತೇವ ಎಳೆಯುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳೂ ಸಿಗುತ್ತವೆ. ಕೊನೆಯ ಸ್ವಲ್ಪ ತೇವಕ್ಕೆ ಪರವಾಗಿಲ್ಲ, ಆದರೆ ಅದರಲ್ಲಿ ತುಂಬುವ ದ್ರವ ಚೆಲ್ಲಿದರೆ ತಗಡು ತುಕ್ಕು ಹಿಡಿಯುತ್ತದೆ. ಬಟ್ಟಲಲ್ಲಿ ಅಕ್ಕಿ ಇಡುವುದೆಲ್ಲಾ ಸುಮ್ನೆ. ಅಕ್ಕಿ ಮನೆಯಲ್ಲಿ ಇದ್ದರೇ ಲಾಭ.

ಎಷ್ಟು ದಿನ? ನನಗೆ ಒಳ್ಳೆ ಬಿಸಿಲಿನಲ್ಲೇ ಐದು ದಿನ ಹಿಡಿಯಿತು. ಒಣಗಿದೆಯೋ ಇಲ್ಲವೋ ನೋಡುವುದಕ್ಕೆ ಫೋಮ್ ಕೆಳಗೆ ರಾತ್ರಿ ಒಂದು ಹಾಳೆ ನ್ಯೂಸ್‌ಪೇಪರ್ ಇಟ್ಟು, ಮೇಲೆ ಭಾರ ಹೇರಿ. ಬೆಳಗ್ಗೆ ತೆಗೆದಾಗ ಪೇಪರ್ ಗರಿಗರಿ ಅಂದರೆ ಸರಿ, ಮೆತ್ತಗೆ ಬಾಗಿದರೆ ಇನ್ನೂ ಒಂದು ದಿನ. ಮಾವ ಕೊಬ್ಬರಿ ಕಾಯಿ ಅಲ್ಲಾಡಿಸಿ, ಒಳಗೆ ಗಡಗಡ ಅಂದರೆ ಮಾತ್ರ ಇಳಿಸುತ್ತಾರೆ. ಕಾಯಿ ಹೊರಗಿನಿಂದ ಒಣಗಿದಂತೆ ಕಂಡರೂ ಅವರು ನಂಬುವುದಿಲ್ಲ.

ಒಣಗಿಸುತ್ತಿರುವಾಗಲೇ ನೀರು ಬಂದದ್ದು ಎಲ್ಲಿಂದ ಅಂತ ಹುಡುಕಬೇಕು. ಇದನ್ನು ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಇದೇ ರಾಮಾಯಣ. ಮೊದಲ ಅನುಮಾನ ವೈಪರ್ ಕೆಳಗಿನ ಜಾಲರಿ ಮೇಲೆ. ಗಾಜಿನಿಂದ ಇಳಿಯುವ ನೀರು ಅಲ್ಲಿಗೆ ಬಂದು ಎರಡೂ ಬದಿಯ ತೂತಿನಿಂದ ಕೆಳಗೆ ಹೋಗಬೇಕು. ಹೊಂಗೆ ಮರ ಏಪ್ರಿಲ್, ಮೇ ಹೊತ್ತಿಗೆ ಹೂವು ಉದುರಿಸುತ್ತದೆ. ಸಣ್ಣ ಸಣ್ಣ ಹೂವು, ನೋಡುವುದಕ್ಕೆ ಚೆಂದ. ಆದರೆ ಜಾಲರಿಯೊಳಗೆ ಬಿದ್ದು, ಧೂಳಿನ ಜೊತೆ ಕೊಳೆತು ಗೊಬ್ಬರವಾಗಿ ಆ ತೂತನ್ನು ಮುಚ್ಚುತ್ತದೆ. ಅಕ್ಟೋಬರ್ ಮಳೆ ಬಂದಾಗ ನೀರು ಅಲ್ಲೇ ಕೆರೆಯಾಗಿ ನಿಂತು, ಬ್ಲೋವರ್ ಗಾಳಿ ಎಳೆಯುವ ಕಿಂಡಿಯ ಮೂಲಕ ಒಳಗೆ ಇಳಿಯುತ್ತದೆ. ನನ್ನ ಕಾರಿನಲ್ಲಿ ಆಗಿದ್ದು ಇದೇ. ಬಾನೆಟ್ ಎತ್ತಿ ಬೆರಳು ಹಾಕಿದರೆ ಒಂದು ಹಿಡಿ ಕಪ್ಪು ಗೊಬ್ಬರ ಬಂತು, ಅದರಲ್ಲಿ ಒಂದು ಬೀಜ ಮೊಳಕೆ ಕೂಡ ಒಡೆದಿತ್ತು.

ಮಳೆಯೇ ಇಲ್ಲದ ಕಾಲದಲ್ಲಿ ಮುಂದಿನ ಎಡಗಡೆ ಒದ್ದೆಯಾದರೆ ಎಸಿ ಪೈಪ್ ನೋಡಿ. ಎಸಿ ಹಾಕಿ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಕಾರಿನ ಕೆಳಗೆ ತೊಟ್ಟು ತೊಟ್ಟು ನೀರು ಬೀಳಬೇಕು. ಬಿಸಿಲಿದ್ದೂ ಬೀಳುತ್ತಿಲ್ಲ ಅಂದರೆ ಆ ಪೈಪ್ ಕಟ್ಟಿಕೊಂಡಿದೆ, ನೀರು ಒಳಗೆ ಬರುತ್ತಿದೆ. ಕೆಳಗಿನಿಂದ ಮೆಲ್ಲಗೆ ಗಾಳಿ ಹೊಡೆಸಿದರೆ ಸಾಕು, ಗಟ್ಟಿ ಕಂಬಿ ತುರುಕಬೇಡಿ. ಬಾಗಿಲು ತೆಗೆದು ಹಾಕುವಾಗ ಒಳಗೆ ಗುಳುಗುಳು ಸದ್ದು ಬರುತ್ತಿದ್ದರೆ ಬಾಗಿಲ ಕೆಳ ಅಂಚಿನ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿವೆ, ಕಡ್ಡಿಯಿಂದ ಬಿಡಿಸಿ. ಬಾಗಿಲ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಸ್ಪೀಕರ್ ಹಾಕಿಸುವಾಗ ಅದನ್ನು ಹರಿದು ಹಾಗೇ ಬಿಟ್ಟಿರುತ್ತಾರೆ, ಅಲ್ಲಿಂದಲೂ ನೀರು ಒಳಗೆ ಬರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯನ್ನೂ ಎತ್ತಿ ನೋಡಿ. ಹಿಂದಿನ ಲೈಟಿನ ರಬ್ಬರ್ ಹಾಳಾಗಿದ್ದರೆ ಅಲ್ಲಿ ನೀರು ನಿಂತಿರುತ್ತದೆ, ವಾಸನೆ ಮಾತ್ರ ಮುಂದಕ್ಕೆ ಬರುತ್ತದೆ. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಸಣ್ಣ ಪೈಪ್‌ಗಳೂ ಹೀಗೇ ಕಟ್ಟಿಕೊಳ್ಳುತ್ತವೆ.

ಇಷ್ಟಾದರೂ ಗೊತ್ತಾಗಲಿಲ್ಲ ಅಂದರೆ ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗೆ ಪೈಪಿನಲ್ಲಿ ಸಣ್ಣಗೆ ನೀರು ಬಿಡಬೇಕು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಒಂದೊಂದು ಜಾಗಕ್ಕೆ ಐದು ನಿಮಿಷ. ಒಟ್ಟಿಗೆ ಎಲ್ಲಾ ಕಡೆ ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಅನುಮಾನ ಇರುವ ಜಾಗಕ್ಕೆ ಮುಖದ ಪೌಡರ್ ಉದುರಿಸಿದ್ದರೆ ನೀರು ಹರಿದ ಗೆರೆ ಎದ್ದು ಕಾಣುತ್ತದೆ.

ಎಲ್ಲಾ ಒಣಗಿದ ಮೇಲೆ ಉಳಿದ ವಾಸನೆಗೆ ಬನ್ನಿ. ಅರ್ಧ ಬಿಳಿ ವಿನೆಗರ್, ಅರ್ಧ ನೀರು ಸ್ಪ್ರೇ ಬಾಟಲಿಗೆ ಹಾಕಿ ಕಾರ್ಪೆಟ್ ಮೇಲೆ, ಫೋಮ್ ಮೇಲೆ ತೆಳ್ಳಗೆ ಹೊಡೆಯಿರಿ. ತೆಳ್ಳಗೆ ಅಂದರೆ ತೆಳ್ಳಗೆ, ಮತ್ತೆ ನೆನೆಸಬೇಡಿ. ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೆ ಮಾಸ್ಕ್ ಹಾಕಿಕೊಂಡು, ಕಾರಿನ ಹೊರಗೆ ಬ್ರಷ್ ಮಾಡಿ. ಮನೆಯಲ್ಲಿ ಆಸ್ತಮಾ ಇರುವವರು ಇದ್ದರೆ ಅವರನ್ನು ಹತ್ತಿರ ಬಿಡಬೇಡಿ. ಮತ್ತೆ ಅರ್ಧ ದಿನ ಗಾಳಿಗೆ ಬಿಟ್ಟು, ಪೂರ್ತಿ ಒಣಗಿದ ಮೇಲೆ ಅಡುಗೆ ಸೋಡಾ ಧಾರಾಳವಾಗಿ ಉದುರಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಒದ್ದೆ ಮೇಲೆ ಸೋಡಾ ಹಾಕಿದರೆ ಗಂಜಿಯಾಗಿ ಗಟ್ಟಿಕೊಳ್ಳುತ್ತದೆ, ಕೆರೆದು ಕೆರೆದು ಸಾಕಾಗುತ್ತದೆ. ವಿನೆಗರ್, ಸೋಡಾ ಎರಡನ್ನೂ ಒಟ್ಟಿಗೆ ಹಾಕಿ ನೊರೆ ಬರಿಸುವವರಿದ್ದಾರೆ. ನೊರೆ ನೋಡುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಒಂದು ಹುಳಿ, ಇನ್ನೊಂದು ಕ್ಷಾರ, ಎರಡೂ ಒಂದನ್ನೊಂದು ಕೊಂದುಕೊಂಡು ನಿಮಗೆ ಏನೂ ಉಳಿಯುವುದಿಲ್ಲ. ಬ್ಲೀಚಿಂಗ್ ಪೌಡರ್ ಬೇಡವೇ ಬೇಡ. ಬಣ್ಣ ಹೋಗುತ್ತದೆ, ತಗಡು ತಿನ್ನುತ್ತದೆ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಫಿನಾಯಿಲ್ ಹಾಕಿದರೆ ಕಾರು ಬಸ್‌ಸ್ಟ್ಯಾಂಡ್ ಶೌಚಾಲಯವಾಗುತ್ತದೆ, ಅದು ನಿಮಗೆ ಬಿಟ್ಟದ್ದು.

ನಮ್ಮ ಜಿಲ್ಲೆಯಲ್ಲಿ ತೆಂಗಿನ ಚಿಪ್ಪಿಗೆ ಬರವಿಲ್ಲ. ಅದರ ಇದ್ದಿಲನ್ನು ಹಳೇ ಕಾಲುಚೀಲದಲ್ಲಿ ಕಟ್ಟಿ ಸೀಟಿನ ಕೆಳಗಿಟ್ಟರೆ ಸ್ವಲ್ಪ ವಾಸನೆ ಎಳೆಯುತ್ತದೆ. ಅಂಗಡಿಯ ಆಕ್ಟಿವೇಟೆಡ್ ಚಾರ್ಕೋಲ್ ಇನ್ನೂ ಚೆನ್ನಾಗಿ ಎಳೆಯುತ್ತದೆ, ಅದರಲ್ಲೂ ಬಹಳಷ್ಟನ್ನು ಮಾಡುವುದು ಇದೇ ಚಿಪ್ಪಿನಿಂದ. ಆದರೆ ಇದೆಲ್ಲಾ ಕೊನೆಯ ಹಂತಕ್ಕೆ. ಕೆಳಗೆ ಒದ್ದೆ ಇಟ್ಟುಕೊಂಡು ಮೇಲೆ ಮೂಟೆ ಇದ್ದಿಲು ಇಟ್ಟರೂ ಪ್ರಯೋಜನ ಇಲ್ಲ.

ವಾಸನೆ ಎಸಿ ಹಾಕಿದ ಮೊದಲ ನಿಮಿಷ ಮಾತ್ರ ಬರುತ್ತಿದ್ದರೆ ತಪ್ಪು ಕಾರ್ಪೆಟ್‌ನದಲ್ಲ. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಕಪ್ಪಾಗಿದ್ದರೆ ಹೊಸದು ಹಾಕಿ, ಹತ್ತು ನಿಮಿಷದ ಕೆಲಸ. ಕೆಲವು ಹಳೇ ಸಣ್ಣ ಕಾರುಗಳಲ್ಲಿ ಫಿಲ್ಟರ್ ಇರುವುದೇ ಇಲ್ಲ. ಮನೆ ಇನ್ನೇನು ಬಂತು ಅನ್ನುವಾಗ ಎಸಿ ಆಫ್ ಮಾಡಿ ಬರೀ ಬ್ಲೋವರ್ ಓಡಿಸಿ, ಒಳಗಿನ ಕಾಯಿಲ್ ಒಣಗುತ್ತದೆ.

ಕಾರ್ಪೆಟ್ ವಾಪಸ್ ಹಾಕುವ ಮೊದಲು ತಗಡು ನೋಡಿ. ತುಕ್ಕು ಶುರುವಾಗಿದ್ದರೆ ವೈರ್ ಬ್ರಷ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಪೇಂಟ್ ಹಚ್ಚಿ ಒಣಗಲು ಬಿಡಿ. ನೀರು ಹೋಗಲಿ ಅಂತ ನೆಲದ ರಬ್ಬರ್ ಬಿರಡೆ ತೆಗೆದಿದ್ದರೆ ಮರೆಯದೆ ಹಾಕಿ, ಇಲ್ಲದಿದ್ದರೆ ಮುಂದಿನ ಗುಂಡಿಯ ನೀರು ಅಲ್ಲಿಂದಲೇ ಒಳಗೆ. ಇನ್ನೊಂದು ವಿಷಯ, ಇದು ನನ್ನ ಅಭಿಪ್ರಾಯ. ಹೊಸ ಕಾರಿಗೆ ಕಾರ್ಪೆಟ್ ಮೇಲೆ ಅಂಟಿಸುವ ಲ್ಯಾಮಿನೇಷನ್, ಮೂಲೆ ಮೂಲೆ ಮುಚ್ಚುವ ಸೆವೆನ್ ಡಿ ಮ್ಯಾಟ್ ಎಲ್ಲಾ ಹಾಕಿಸುತ್ತಾರಲ್ಲ, ಮಳೆಗಾಲದಲ್ಲಿ ಅವು ಶತ್ರುಗಳು. ಕೆಳಗೆ ನೀರು ಬಂದರೆ ಮೇಲೆ ತಿಂಗಳಾದರೂ ಗೊತ್ತಾಗುವುದಿಲ್ಲ. ಬಿಡಿಯಾಗಿ ಎತ್ತಿ ಕೊಡವಬಹುದಾದ ರಬ್ಬರ್ ಮ್ಯಾಟೇ ನನಗೆ ಸಾಕು.

ವಾಸನೆ ಪೂರ್ತಿ ಹೋಗಿದೆಯಾ ಅಂತ ನೋಡುವುದಕ್ಕೆ ಎಲ್ಲಾ ಮುಗಿದ ಮೇಲೆ ಗಾಜು ಏರಿಸಿ ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಬಾಗಿಲು ತೆಗೆದು ಮೂಗು ಹಾಕಿ. ನಿಮ್ಮ ಮೂಗಲ್ಲ, ಅದಕ್ಕೆ ಅಭ್ಯಾಸ ಆಗಿಹೋಗಿರುತ್ತದೆ, ಬೇರೆ ಯಾರನ್ನಾದರೂ ಕರೆಯಿರಿ. ನಾನು ಮಗಳನ್ನು ಕರೆದೆ. ಒಳಗೆ ಬಗ್ಗಿ ಒಂದು ಸಲ ಉಸಿರೆಳೆದು, "ನಾಯಿ ಇಳ್ಕೊಂಡಿದೆ, ಉಪ್ಪಿನಕಾಯಿ ಹತ್ಕೊಂಡಿದೆ" ಅಂದಳು. ವಿನೆಗರ್ ಸ್ವಲ್ಪ ಜಾಸ್ತಿಯೇ ಹೊಡೆದಿದ್ದೆ. ಇನ್ನೆರಡು ದಿನ ಗಾಜು ಇಳಿಸಿಕೊಂಡು ಓಡಾಡಿದ ಮೇಲೆ ಅದೂ ಹೋಯಿತು.